ರ‍್ಯಾಮ್ ಹಾಕಿಸಿ, ಪರಿಹಾರ ಪಡೆಯಿರಿ

ಆ್ಯಪ್ ನಿಧಾನವಾದಾಗ ಪಾಲಿಸಬೇಕಾದ ವಿಧಿಗಳು ಈಗ ಎಲ್ಲ ಕಡೆ ಒಂದೇ. ಮೊದಲು ತುರ್ತು ಸಭೆ. ನೆಟ್‌ವರ್ಕ್‌ನವರು ತಮ್ಮ ಕಡೆ ಎಲ್ಲ ಹಸಿರು ಎನ್ನುತ್ತಾರೆ. ಡೆವಲಪರುಗಳು ತಮ್ಮ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡುತ್ತಿದೆ ಎನ್ನುತ್ತಾರೆ. ಅಲ್ಲಿನ ಟೇಬಲ್ಲಿನಲ್ಲಿ ಇನ್ನೂರು ಸಾಲು, ಅಸಲಿ ಟೇಬಲ್ಲಿನಲ್ಲಿ ಎರಡು ಕೋಟಿ ಎಂಬುದು ಆ ಹೊತ್ತಿಗೆ ಅಪ್ರಸ್ತುತ. ಕೊನೆಗೆ ಹಿರಿಯರೊಬ್ಬರು "ರ‍್ಯಾಮ್ ಎಷ್ಟಿದೆ?" ಎಂದು ಕೇಳುತ್ತಾರೆ. ಅಲ್ಲಿಗೆ ರೋಗ ಪತ್ತೆಯಾಯಿತು. 64 ಜಿಬಿ ಇದ್ದದ್ದು 128 ಆಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೂ ಇಷ್ಟು ಸಹಿ ಬೇಕಾಗುತ್ತಿರಲಿಲ್ಲ.

ಮೆಮೊರಿ ಬಂತು, ಸರಿ. ಬಂದಿದೆ ಎಂದು ಡೇಟಾಬೇಸಿಗೆ ಯಾರು ಹೇಳಬೇಕು? ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಬಫರ್ ಪೂಲ್, ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್, ಡೇಟಾಬೇಸ್ ತನ್ನ ಬಳಕೆಗೆ ಇಟ್ಟುಕೊಳ್ಳುವ ಮೆಮೊರಿ ಇವು, ಎರಡರ ಡೀಫಾಲ್ಟೂ 128 ಎಂಬಿ. ಜಿಬಿ ಅಲ್ಲ, ಎಂಬಿ. ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಶನ್ನೂ ನೆಚ್ಚಿಕೊಂಡಿರುವುದರಿಂದ ದುಡ್ಡು ಪೂರ್ತಿ ನೀರುಪಾಲಾಗದು ಎನ್ನಿ. ಆದರೆ ಹತ್ತು ಸಾಲು ಕೊಡುವುದಕ್ಕೆ ಎರಡು ಕೋಟಿ ಸಾಲು ಓದುತ್ತಿದ್ದ ಕ್ವೆರಿ (ಆ್ಯಪ್ ಡೇಟಾಬೇಸಿಗೆ ಕೇಳುವ ಪ್ರಶ್ನೆ) ಈಗಲೂ ಎರಡು ಕೋಟಿಯನ್ನೇ ಓದುತ್ತದೆ. ಮೊದಲು ಡಿಸ್ಕ್ ಒದ್ದಾಡುತ್ತಿತ್ತು, ಈಗ ಸಿಪಿಯು ನೂರಕ್ಕೆ ನೂರು. ಮುಂದಿನ ಸಭೆಗೆ ವಿಷಯ ಸಿದ್ಧ: ಇನ್ನೆಷ್ಟು ಕೋರ್ ಬೇಕು?

ಇಷ್ಟೆಲ್ಲ ನಡೆಯುವಾಗ ಎಲ್ಲವನ್ನೂ ಕಣ್ಣಾರೆ ಕಂಡ ಡೇಟಾಬೇಸನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅದಕ್ಕೂ ತಾನಾಗಿ ಬಾಯಿ ಬಿಡುವ ಚಾಳಿ ಇಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ನಿಧಾನದ ಕ್ವೆರಿಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ಹುಟ್ಟಾ ಆಫ್. ಆನ್ ಮಾಡಿದರೂ ಲಾಂಗ್_ಕ್ವೆರಿ_ಟೈಮ್ ಡೀಫಾಲ್ಟ್ 10 ಸೆಕೆಂಡು, 9.8 ಸೆಕೆಂಡು ತೆಗೆದುಕೊಂಡ ಕ್ವೆರಿ ಅದರ ಪ್ರಕಾರ ಚುರುಕಿನ ಕ್ವೆರಿ. ಪೋಸ್ಟ್‌ಗ್ರೆಸ್‌ನ ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್ ಎಂಬ ಇಂಥದೇ ಮಿತಿ ಮೈನಸ್ 1 ರಲ್ಲಿ ಕೂತಿರುತ್ತದೆ, ಅಂದರೆ ಮೌನವ್ರತ. ಎರಡನ್ನೂ ಅರ್ಧ ಸೆಕೆಂಡಿಗೆ ಇಳಿಸಲು ಸರ್ವರ್ ನಿಲ್ಲಿಸಬೇಕಾಗಿಲ್ಲ, ಟೆಂಡರ್ ಕರೆಯಬೇಕಾಗಿಲ್ಲ. ಬಹುಶಃ ಅದೇ ಅದರ ದೋಷ: ಬಿಲ್ಲೇ ಇಲ್ಲದ ಪರಿಹಾರಕ್ಕೆ ಮರ್ಯಾದೆ ಎಲ್ಲಿಯದು?

ಇದನ್ನು ಮಾಡಿದವರಲ್ಲೂ ಒಂದು ಪಂಗಡವಿದೆ. ಸೆಟ್ ಗ್ಲೋಬಲ್ ಅಂತ ಟೈಪಿಸಿ ಮಿತಿ ಇಳಿಸುತ್ತಾರೆ, ಎರಡು ದಿನ ಕಾಯುತ್ತಾರೆ, ಲಾಗ್ ಖಾಲಿ ಇರುವುದನ್ನು ನೋಡಿ "ನಮ್ಮಲ್ಲಿ ಸ್ಲೋ ಕ್ವೆರಿಗಳೇ ಇಲ್ಲ" ಎಂದು ವರದಿ ಒಪ್ಪಿಸುತ್ತಾರೆ. ಮೈಎಸ್‌ಕ್ಯುಎಲ್‌ನಲ್ಲಿ ಗ್ಲೋಬಲ್ ಬದಲಾವಣೆ ಅನ್ವಯಿಸುವುದು ಆಮೇಲೆ ತೆರೆದ ಕನೆಕ್ಷನ್ನುಗಳಿಗೆ ಮಾತ್ರ. ಆ್ಯಪಿನ ಕನೆಕ್ಷನ್ ಪೂಲ್ (ಮತ್ತೆ ಮತ್ತೆ ಬಳಸಲು ತೆರೆದೇ ಇಟ್ಟ ಕನೆಕ್ಷನ್ನುಗಳ ಗುಂಪು) ಹಿಡಿದುಕೊಂಡ ಹಳೆಯ ಕನೆಕ್ಷನ್ನುಗಳು ಹಳೆಯ 10 ಸೆಕೆಂಡಿನಲ್ಲೇ ನೆಮ್ಮದಿಯಾಗಿರುತ್ತವೆ. ಪೂಲನ್ನು ಹೊಸದಾಗಿ ತೆರೆಸಬೇಕು. ಇದಕ್ಕೆ ತದ್ವಿರುದ್ಧ ಪಂಗಡ ಮಿತಿಯನ್ನು ಸೊನ್ನೆಗೆ, ಅಂದರೆ ಪ್ರತಿ ಕ್ವೆರಿಯೂ ಲಾಗಿಗೆ ಬೀಳುವಂತೆ, ಇಟ್ಟು ಮನೆಗೆ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಡಿಸ್ಕ್ ಭರ್ತಿ, ಆರೋಪ ಮತ್ತೆ ಡೇಟಾಬೇಸಿನ ಮೇಲೆ. ಸೊನ್ನೆ ಇಡಿ, ತಪ್ಪಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಅರ್ಧ ಗಂಟೆ, ಡಿಸ್ಕಿನ ಮೇಲೆ ಒಂದು ಕಣ್ಣಿಟ್ಟು.

ರ‍್ಯಾಮ್ ಬರುವವರೆಗಿನ ಮನೆಮದ್ದು ರೀಸ್ಟಾರ್ಟ್. ವಾರಕ್ಕೆ ಮೂರು ಸಲವಾದರೂ ಯಾರ ಆಕ್ಷೇಪವೂ ಇಲ್ಲ. ಮೈಎಸ್‌ಕ್ಯುಎಲ್‌ನ ಪರ್ಫಾರ್ಮೆನ್ಸ್ ಸ್ಕೀಮಾ ಯಾರೂ ಕೇಳದಿದ್ದರೂ ಪ್ರತಿ ಬಗೆಯ ಕ್ವೆರಿಯ ಲೆಕ್ಕವನ್ನು ಬರೆದಿಟ್ಟುಕೊಂಡಿರುತ್ತದೆ, ಆದರೆ ಬರೀ ಮೆಮೊರಿಯಲ್ಲಿ. ರೀಸ್ಟಾರ್ಟ್ ಆಯಿತೋ, ಸಾಕ್ಷ್ಯ ನಾಶ. ಪೋಸ್ಟ್‌ಗ್ರೆಸ್‌ನಲ್ಲಿ ಈ ಕೆಲಸಕ್ಕಿರುವುದು ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್. ಅದನ್ನು ಶೇರ್ಡ್_ಪ್ರಿಲೋಡ್_ಲೈಬ್ರರೀಸ್ ಎಂಬ ಸೆಟ್ಟಿಂಗಿಗೆ ಸೇರಿಸಿ ಒಮ್ಮೆ ರೀಸ್ಟಾರ್ಟ್ ಮಾಡಬೇಕು, ಆಮೇಲೆ ಕ್ರಿಯೇಟ್ ಎಕ್ಸ್‌ಟೆನ್ಶನ್. ಇದನ್ನು ಕೇಳಿ ನೋಡಿ: "ಪ್ರೊಡಕ್ಷನ್ ಸರ್ವರನ್ನು ರೀಸ್ಟಾರ್ಟ್ ಮಾಡುವುದೇ? ಸಾಧ್ಯವೇ ಇಲ್ಲ. ಅನುಮೋದನೆ ಬೇಕು."

ಅಂತೂ ಲಾಗ್ ಸಿಕ್ಕಿತು ಎನ್ನೋಣ. ಈಗ ಬಲಿಪಶುವಿನ ಆಯ್ಕೆ. ಪಟ್ಟಿಯನ್ನು ಅತಿ ಹೆಚ್ಚು ಸಮಯದ ಪ್ರಕಾರ ಜೋಡಿಸುತ್ತಾರೆ. ರಾತ್ರಿ ಎರಡಕ್ಕೆ ಒಮ್ಮೆ ಓಡುವ, 40 ಸೆಕೆಂಡಿನ ಬಡಪಾಯಿ ರಿಪೋರ್ಟ್ ಸಿಕ್ಕಿಬೀಳುತ್ತದೆ. ಅದನ್ನು ಎರಡು ವಾರ ತಿದ್ದಿ 15 ಸೆಕೆಂಡಿಗೆ ಇಳಿಸಿ ಬೆನ್ನು ತಟ್ಟಿಕೊಳ್ಳುತ್ತಾರೆ. ಅತ್ತ 4 ಮಿಲಿಸೆಕೆಂಡಿನ ಸಜ್ಜನ ಕ್ವೆರಿಯೊಂದು ಗಂಟೆಗೆ 9 ಲಕ್ಷ ಸಲ ಓಡುತ್ತಿರುತ್ತದೆ. ಗುಣಿಸಿ: 3600 ಸೆಕೆಂಡು. ಪ್ರತಿ ಗಂಟೆಯಲ್ಲೂ ಒಂದು ಗಂಟೆಯ ಕೆಲಸ. ಪಟ್ಟಿಯ ಪ್ರತಿ ಸಾಲಿಗೂ ಡೇಟಾಬೇಸಿಗೆ ಒಂದೊಂದು ಸಲ ಎಡತಾಕುವ ಲೂಪಿನ ಕೂಸು ಅದು, ಅರ್ಧ ಸೆಕೆಂಡಿನ ಲಾಗಿನಲ್ಲಿ ಅದರ ನೆರಳೂ ಕಾಣದು. ನೋಡಬೇಕಾದದ್ದು ಒಟ್ಟು ಸಮಯ. ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್‌ನಲ್ಲಿ ಟೋಟಲ್_ಎಕ್ಸೆಕ್_ಟೈಮ್ ಇಳಿಕೆ ಕ್ರಮದಲ್ಲಿ, ಪಕ್ಕಕ್ಕೆ ಕಾಲ್ಸ್ ಇಟ್ಟುಕೊಂಡು. 13ಕ್ಕಿಂತ ಹಳೆಯ ಆವೃತ್ತಿಯಾದರೆ ಆ ಕಾಲಮ್ಮಿನ ಹೆಸರು ಟೋಟಲ್_ಟೈಮ್. ಮೈಎಸ್‌ಕ್ಯುಎಲ್‌ನಲ್ಲಿ ಸಿಸ್ ಸ್ಕೀಮಾದ ಸ್ಟೇಟ್‌ಮೆಂಟ್_ಅನಾಲಿಸಿಸ್ ಇದನ್ನು ಜೋಡಿಸಿಯೇ ಕೊಡುತ್ತದೆ. ಮೈಎಸ್‌ಕ್ಯುಎಲ್‌ಡಂಪ್‌ಸ್ಲೋ ಎಂಬ ಲಾಗ್ ಸಾರಾಂಶದ ಸಲಕರಣೆ ಬಳಸುವವರು ಎಚ್ಚರ, ಅದರ ಡೀಫಾಲ್ಟ್ ಜೋಡಣೆ ಸರಾಸರಿಯ ಮೇಲೆ. ಒಟ್ಟು ಬೇಕಿದ್ದರೆ ಮೈನಸ್ ಎಸ್ ಟಿ ಎಂದು ಹೇಳಬೇಕು.

ಮುಂದಿನದು ಎಕ್ಸ್‌ಪ್ಲೇನ್, ಕ್ವೆರಿಯನ್ನು ಹೇಗೆ ಓಡಿಸುವುದೆಂಬ ಡೇಟಾಬೇಸಿನ ಪ್ಲ್ಯಾನ್ ತೋರಿಸುವ ಆದೇಶ. ಇಲ್ಲಿ ಧೈರ್ಯಶಾಲಿಗಳು ನಿಧಾನದ ಡಿಲೀಟಿನ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಬರೆದು ಎಂಟರ್ ಒತ್ತುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಕ್ವೆರಿಯನ್ನು ನಿಜವಾಗಿಯೇ ಓಡಿಸಿ ವಿವರಿಸುತ್ತದೆ. ಪ್ಲ್ಯಾನ್ ಸ್ಪಷ್ಟವಾಗಿ ಕಾಣುತ್ತದೆ, ಸಾಲುಗಳು ಕಾಣುವುದಿಲ್ಲ. ಬಿಗಿನ್ ಮತ್ತು ರೋಲ್‌ಬ್ಯಾಕ್ ನಡುವೆ ಇಟ್ಟು ಓಡಿಸಿ, ಅಳಿಸಿದ್ದು ರದ್ದಾಗುತ್ತದೆ. ಪ್ಲ್ಯಾನಿನಲ್ಲಿ ಮೊದಲು ನೋಡಬೇಕಾದದ್ದು ಅಂದಾಜಿಗೂ ಅಸಲಿಗೂ ಇರುವ ಅಂತರ: ಪ್ಲ್ಯಾನರ್ 1 ಸಾಲು ಬರುತ್ತದೆಂದು ನಂಬಿ ನೆಸ್ಟೆಡ್ ಲೂಪ್ (ಸಾಲಿಗೊಂದು ಸಲ ಇನ್ನೊಂದು ಟೇಬಲ್ ಹುಡುಕುವ ವಿಧಾನ) ಹಿಡಿದಿದೆ, ಬಂದದ್ದು 4 ಲಕ್ಷ. ಅಂಕಿಅಂಶ ಹಳಸಿರಬಹುದು, ಆ ಟೇಬಲ್ಲಿಗೆ ಅನಲೈಜ್ (ಅಂಕಿಅಂಶ ಹೊಸದಾಗಿಸುವ ಬೇರೆಯೇ ಆದೇಶ) ಓಡಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಪ್ಲ್ಯಾನಿನಲ್ಲಿ ತೋರಿಸುವ ಸಮಯ ಒಂದು ಸುತ್ತಿನದು, ಲೂಪ್ಸ್ ಎದುರಿನ ಸಂಖ್ಯೆಯಿಂದ ಗುಣಿಸದೆ "ಬರೀ 0.02 ಮಿಲಿಸೆಕೆಂಡು" ಎಂದು ಮುಂದೆ ಸಾಗಬೇಡಿ.

ಪ್ಲ್ಯಾನ್ ಓದುವ ತಾಪತ್ರಯ ಬೇಡವೆನ್ನುವವರಿಗೆ ಸರ್ವರೋಗ ನಿವಾರಕ ಒಂದುಂಟು: ಕಂಡ ಕಾಲಮ್ಮಿಗೆಲ್ಲ ಇಂಡೆಕ್ಸ್, ಅಂದರೆ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ. ತಾರೀಖಿನ ಕಾಲಮ್ಮಿಗೆ ಇಂಡೆಕ್ಸ್ ಇದೆ, ಕ್ವೆರಿಯ ಷರತ್ತಿನಲ್ಲಿ (ವೇರ್) ಬರೆದದ್ದು ಇಯರ್ ಫಂಕ್ಷನ್ನಿನ ಒಳಗೆ ಆ ಕಾಲಮ್ಮನ್ನು ತುರುಕಿ. ಇಂಡೆಕ್ಸ್ ಸುಮ್ಮನೆ ಕೂತಿತು. ಜನವರಿ 1 ರಿಂದ ಮುಂದಿನ ಜನವರಿ 1 ರ ಒಳಗೆ ಎಂದು ಬರೆದಿದ್ದರೆ ಏಳುತ್ತಿತ್ತು. ಫೋನ್ ನಂಬರಿನದು ವಾರ್‌ಚಾರ್ (ಪಠ್ಯದ) ಕಾಲಮ್ಮು, ಹೋಲಿಸಿದ್ದು ಉದ್ಧರಣ ಚಿಹ್ನೆಯಿಲ್ಲದ ಅಂಕಿಯೊಡನೆ. ಮೈಎಸ್‌ಕ್ಯುಎಲ್ ಪ್ರತಿ ಸಾಲನ್ನೂ ಅಂಕಿಯಾಗಿಸಿ ನೋಡುತ್ತದೆ, ಇಂಡೆಕ್ಸ್ ಮತ್ತೆ ನಿರುದ್ಯೋಗಿ. ಪದದ ತುಣುಕು ಹುಡುಕುವ ಲೈಕ್‌ನಲ್ಲಿ ಶೇಕಡಾ ಚಿಹ್ನೆ ಮೊದಲೇ ಬಂದರೂ ಇದೇ ಗತಿ.

ಕೆಲವೊಮ್ಮೆ ಕ್ವೆರಿಯದು ತಪ್ಪೇ ಇರುವುದಿಲ್ಲ, ಬಾಗಿಲಲ್ಲಿ ಕಾಯುತ್ತಿರುತ್ತದೆ. ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯ ವೇಟ್_ಇವೆಂಟ್_ಟೈಪ್ ಲಾಕ್ ಎಂದಿದ್ದರೆ ಪಿಜಿ_ಬ್ಲಾಕಿಂಗ್_ಪಿಡ್ಸ್‌ನಲ್ಲಿ ಅಪರಾಧಿ ಸಿಗುತ್ತಾನೆ. ಹೆಚ್ಚಾಗಿ ಟ್ರಾನ್ಸಾಕ್ಷನ್ ತೆರೆದಿಟ್ಟು ಸಭೆಗೆ ಹೋದವರು.

ಸರಿಯಾದ ಇಂಡೆಕ್ಸ್ ಯಾವುದೆಂದು ಗೊತ್ತಾದ ಮೇಲೂ ಅದನ್ನು ನಡುಹಗಲ ದಟ್ಟಣೆಯಲ್ಲಿ ಬರಿದೇ ಕ್ರಿಯೇಟ್ ಇಂಡೆಕ್ಸ್ ಎಂದು ಕಟ್ಟುವುದು ರೂಢಿ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಮುಗಿಯುವವರೆಗೆ ಆ ಟೇಬಲ್ಲಿಗೆ ಬರೆಯುವವರೆಲ್ಲ ಸಾಲಿನಲ್ಲಿ ನಿಲ್ಲುತ್ತಾರೆ. ಕನ್‌ಕರೆಂಟ್ಲಿ ಎಂಬ ಒಂದು ಪದ ಸೇರಿಸಿದರೆ ಹೊತ್ತು ಹೆಚ್ಚು ಹಿಡಿದರೂ ಕೆಲಸ ನಿಲ್ಲದು. ನಡುವೆ ವಿಫಲವಾದರೆ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದನ್ನು ಬಿಟ್ಟುಹೋಗುತ್ತದೆ, ಅದನ್ನು ಡ್ರಾಪ್ ಮಾಡಿ ಮತ್ತೆ ಕಟ್ಟಬೇಕು. ಹಿಂದಿನ ಉತ್ಸಾಹಿಗಳು ಕಟ್ಟಿಟ್ಟ ನಿರುದ್ಯೋಗಿಗಳನ್ನು ಪಿಜಿ_ಸ್ಟ್ಯಾಟ್_ಯೂಸರ್_ಇಂಡೆಕ್ಸಸ್‌ನಲ್ಲಿ ಐಡಿಎಕ್ಸ್_ಸ್ಕ್ಯಾನ್ ಸೊನ್ನೆ ಇರುವ ಸಾಲುಗಳಾಗಿ ಕಾಣಬಹುದು. ಪ್ರೈಮರಿ ಕೀ, ಯುನೀಕ್ ಇಂಡೆಕ್ಸುಗಳನ್ನು ಮಾತ್ರ ಸೊನ್ನೆಯಿದ್ದರೂ ಮುಟ್ಟಬೇಡಿ. ಉಳಿದವನ್ನು ತೆಗೆಯುವ ಮುನ್ನ ರೆಪ್ಲಿಕಾದಲ್ಲೂ (ಡೇಟಾಬೇಸಿನ ನಕಲು ಸರ್ವರ್) ನೋಡಿ, ಎಣಿಕೆ ಒಂದೊಂದು ಸರ್ವರಿಗೆ ಬೇರೆ. ಅಲ್ಲೂ ಸೊನ್ನೆಯೇ ಇದ್ದರೆ ತೆಗೆಯಬಹುದು. ಅದಕ್ಕೆ ಅನುಮೋದನೆ ಸಿಕ್ಕರೆ.