ಪುಣೆಯ ಬೇಸಿಗೆಗೆ ಚಿಮುಕಿಸುವ ನೀರು ಸಾಲದು

ಮನೆಯೊಳಗೆ ಬೆಳೆಸುವ ಅಲಂಕಾರಿಕ ಗಿಡ ಕ್ಯಾಲಥಿಯಾದ ಎಲೆಗೆ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರೆ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪುಣೆಯಲ್ಲಿ ಅದು ಸಾಲುವುದಿಲ್ಲ ಸರ್. ನಾವು ಧಾರವಾಡದವರು, ಈಗ ಪುಣೆಯ ಕೋಥರೂಡ್‌ನಲ್ಲಿದ್ದೇವೆ. ಮುಂಬೈನಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಇದೇ ಗಿಡ ಸೊಂಪಾಗಿದೆ, ಅಲ್ಲಿ ಸಮುದ್ರದ ಗಾಳಿ ಅಲ್ವಾ! ಇಲ್ಲಿ ಏಪ್ರಿಲ್ ಮಧ್ಯಾಹ್ನ ಗಿಡದ ಪಕ್ಕ ತೇವಾಂಶ ಅಳೆಯುವ ಸಣ್ಣ ಮೀಟರ್ ಇಟ್ಟೆ. ಶೇ 24 ತೋರಿಸಿತು. ನೀರು ಚಿಮುಕಿಸಿದಾಗ ಏರಿತು, ಅರ್ಧ ಗಂಟೆಯೊಳಗೆ ಮತ್ತೆ ಅಲ್ಲಿಗೇ ಇಳಿಯಿತು. ಮಳೆಕಾಡಿನ ನೆರಳಲ್ಲಿ ಬೆಳೆಯುವ ಗಿಡ ಇದು, ಶೇ 50 ಆದರೂ ಬೇಕು. ಎಲೆ ಅಂಚು ಸುಟ್ಟಂತಾಗಿ ಸುರುಳಿ ಸುತ್ತಿದ್ದು ನೋಡಿ ತುಂಬಾ ಬೇಜಾರಾಯಿತು.

ಕೊನೆಗೆ ಕೈ ಹಿಡಿದದ್ದು ನಮ್ಮ ಹಳೇ ಕೂಲರ್. ಏಸಿ ಗಾಳಿಯ ತೇವ ಹೀರುತ್ತದೆ, ಕೂಲರ್ ತೇವ ಸೇರಿಸುತ್ತದೆ. ಗಿಡವನ್ನು ಏಸಿ ಕೋಣೆಯಿಂದ ತೆಗೆದು ಕೂಲರ್ ಇರುವ ಹಾಲ್‌ಗೆ ತಂದೆ. ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿ, ಮನಿಪ್ಲಾಂಟ್ ಮತ್ತು ಫರ್ನ್ ಕುಂಡಗಳ ನಡುವೆ ಇಟ್ಟೆ. ಮೀಟರ್ 50 ದಾಟಿತು. ಹೊಸ ಎಲೆಗಳು ಅಂಚು ಒಣಗದೆ ಬಿಚ್ಚಿದವು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಾತ್ರ ಇದೆಲ್ಲ ನಿಲ್ಲಿಸಬೇಕು. ಆಗ ಎಲೆ ಮೇಲೆ ನೀರು ನಿಂತರೆ ಕೊಳೆ ಚುಕ್ಕೆ ಬೀಳುತ್ತದೆ. ಮಣ್ಣಿಗೆ ಕಡಿಮೆ ನೀರು ಹಾಕಿ, ಕಿಟಕಿ ತೆರೆದಿಡಿ.