ಕಾರ್ಬ್ ಬಿಟ್ಟ ಮೇಲೆ ಊಟವೂ ಕಡಿಮೆ ಮಾಡಬೇಕಾ?

ಲೋ ಕಾರ್ಬ್ ಅಂದರೆ ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್ (ಕಾರ್ಬ್) ಕಡಿಮೆ ಮಾಡುವ ಊಟ. ‘ಲೋ ಕಾರ್ಬ್ ಶುರು ಮಾಡಿದ ಮೇಲೆ ಎಷ್ಟು ಕಡಿಮೆ ತಿಂದರೂ ಪರವಾಗಿಲ್ಲ, ಬೇಕಾದ ಶಕ್ತಿಯನ್ನೆಲ್ಲ ದೇಹ ತನ್ನ ಕೊಬ್ಬಿನಿಂದಲೇ ತೆಗೆದುಕೊಳ್ಳುತ್ತದೆ’ ಎಂಬ ಸಂದೇಶ ಓಡಾಡುತ್ತಿದೆ. ಅರ್ಧ ನಿಜ, ಅಷ್ಟೇ.

ಲೆಕ್ಕ ನೋಡಿ. 1 ಗ್ರಾಂ ಕಾರ್ಬ್ ಅಂದರೆ ಸುಮಾರು 4 ಕ್ಯಾಲೊರಿ. ದಿನಕ್ಕೆ 200 ಗ್ರಾಂ ಬಿಟ್ಟರೆ 800 ಕ್ಯಾಲೊರಿ ಹೋಯಿತು. ಎಣ್ಣೆ, ತುಪ್ಪದ ಕೊಬ್ಬಿಗೂ ಹೆದರಿ ತಟ್ಟೆ ತುಂಬ ಸೌತೆಕಾಯಿ ಇಟ್ಟುಕೊಂಡರೆ ಆ ಕೊರತೆ ತುಂಬುವುದಿಲ್ಲ. ಇಡೀ ಸೌತೆಕಾಯಿಯಲ್ಲಿ 50 ಕ್ಯಾಲೊರಿಯೂ ಇರುವುದು ಕಷ್ಟ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಇರುತ್ತದೆ.

ತೂಕ ಇಳಿಯಲು ಕ್ಯಾಲೊರಿಯಲ್ಲಿ ಸ್ವಲ್ಪ ಕೊರತೆ ಬೇಕು, ಸರಿ. ಅದು ಜಾಸ್ತಿಯಾಗಿ, ಪ್ರೋಟೀನೂ ಸಾಲದಿದ್ದರೆ ಸ್ನಾಯುವೂ ಕರಗುತ್ತದೆ. ಮೊದಲ ವಾರ ಇಳಿಯುವುದರಲ್ಲಿ ನೀರೇ ಜಾಸ್ತಿ, ಸುಮ್ನೆ ಖುಷಿಪಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕಾರ್ಬ್ ಇಳಿಸಲೇಬಾರದು. ಶುಗರ್ ತೀರಾ ಕೆಳಗೆ ಹೋಗಬಹುದು.