ಮೂರನೇ ಹಂತದ ಶುದ್ಧೀಕರಣ

ಕೋಲಾರದಲ್ಲಿ ಕೊಡೆ ಮಾರುವವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಕಾಲವೊಂದಿತ್ತು. ಅಂಥ ಊರಿನಲ್ಲಿ ನಾನು ದೋಣಿ ಕೊಂಡೆ.

ಅದೂ ಗಾಳಿ ತುಂಬುವ ದೋಣಿ. ಕಯಾಕ್ ಎಂದು ಅದರ ಹೆಸರು. ಡಬ್ಬ ಬಿಚ್ಚಿದಾಗ ಮಡಿಸಿಟ್ಟ ಟಾರ್ಪಾಲಿನಂತೆ ಕಂಡಿತು. ಹದಿನಾಲ್ಕು ಕಿಲೋ ತೂಕ. ಎಡಕ್ಕೊಂದು, ಬಲಕ್ಕೊಂದು, ತಳಕ್ಕೊಂದು ಗಾಳಿಚೀಲ, ಎರಡು ತುಂಡಾಗಿ ಬಿಚ್ಚಬಹುದಾದ ಹುಟ್ಟು, ಒಂದು ಪಂಪು, ತಳಕ್ಕೆ ಸಿಕ್ಕಿಸಲು ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ಹಲಗೆ. ಜಗಲಿಯ ಮೇಲೆ ಹರಡಿ ಗಾಳಿ ತುಂಬುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಬಂದು ಒತ್ತಿ ನೋಡಿದರು.

“ಬೆನ್ನುನೋವಿನ ಹಾಸಿಗೆಯೇನಪ್ಪಾ?”

“ದೋಣಿ ಅಜ್ಜಿ.”

“ಓಹೋ. ಯಾವ ಊರಿಗೆ ಹೊರಟೆ?”

ಅಜ್ಜಿಯ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ನಮ್ಮನ್ನು ಹಾದು ತಮಿಳುನಾಡಿಗೆ ಹೋಗುವುದು ನಿಜವಾದರೂ, ಬಹುಪಾಲು ಅದು ನಕ್ಷೆಯಲ್ಲೇ ಹರಿಯುತ್ತದೆ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, 24.01 ಟಿಎಂಸಿ ಎಂಬ ಅಂಕಿ ನಮ್ಮ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠವಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಪಂಪುಗಳಿಗೆ ಪೂಜೆಯೂ ಆಯಿತು. ಅದನ್ನು ನಂಬಿ ದೋಣಿ ಕೊಳ್ಳುವಷ್ಟು ಹುಚ್ಚು ನನಗಿಲ್ಲ. ನಾನು ನಂಬಿದ್ದು ಬೆಂಗಳೂರಿನ ಬಚ್ಚಲನ್ನು.

ಕೆ.ಸಿ. ವ್ಯಾಲಿ ಎಂದರೆ ಅದೇ ತಾನೇ. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರಿನಂತೆ ನಮ್ಮ ಕೆರೆಗಳಿಗೆ ಏರಿಸುವ ಯೋಜನೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ನೀರು ಬಂತು. ಮುಂದಿನ ತಿಂಗಳು ನೊರೆಯೂ ಬಂತು. ಮೊಕದ್ದಮೆ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂದು ರೈತರು ಕೂಗಿದರು. ಕೂಗು ನಿಂತಿಲ್ಲ, ನೀರೂ ನಿಂತಿಲ್ಲ. ನಮ್ಮೂರಿನ ಕೆರೆ ತುಂಬಿತು. ಬಾಗಿನ ಕೊಡಲು ಗಣ್ಯರು ಬಂದರು. ನೀರಿನಿಂದ ಎಂಟಡಿ ಮೇಲೆ ಹಲಗೆಯ ವೇದಿಕೆ ಕಟ್ಟಿಸಿಕೊಂಡು, ಮೂಗಿಗೆ ಶಲ್ಯದ ಅಂಚು ಹಿಡಿದು, ಗಂಗಮ್ಮನಿಗೆ ಮೊರವನ್ನು ಅಲ್ಲಿಂದಲೇ ಎಸೆದರು.

ಆ ಕೆರೆಯಲ್ಲಿ ದೋಣಿ ಬಿಡಲು ಅನುಮತಿ ಬೇಕೇ ಎಂದು ತಿಳಿಯಲು ಮೂರು ಕಚೇರಿ ಸುತ್ತಿದೆ. ಮೊದಲ ಕಚೇರಿಯಲ್ಲಿ ಇಂಜಿನ್ ಇದೆಯೇ ಎಂದು ಕೇಳಿದರು, ಇಲ್ಲವೆಂದೆ, ಇಂಜಿನ್ ಇಲ್ಲದ್ದಕ್ಕೆ ತಮ್ಮಲ್ಲಿ ನಮೂನೆಯೇ ಇಲ್ಲವೆಂದರು. ಎರಡನೆಯ ಕಚೇರಿಯಲ್ಲಿ ನಮೂನೆ ಇತ್ತು, ಆದರೆ ಅದು ಮೀನು ಹಿಡಿಯುವವರದ್ದು. ‘ಉದ್ದೇಶ’ ಎಂಬ ಕಲಮಿನ ಮುಂದೆ ನಾನು ‘ಸುಮ್ಮನೆ’ ಎಂದು ಬರೆದೆ. ಗುಮಾಸ್ತರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನನ್ನನ್ನು ಮೂರನೆಯ ಕಚೇರಿಗೆ ಕಳುಹಿಸಿದರು.

ಅಲ್ಲಿದ್ದ ಸಾಹೇಬರು ತಿಳಿದವರು. ಮೇಜಿನ ಪಕ್ಕದಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಅದರಿಂದ ಅರ್ಧ ಲೋಟ ಬಗ್ಗಿಸಿಕೊಂಡು ಕುಡಿದು ಮಾತಾಡಿದರು.

“ಕೆರೆಯ ನೀರು ಶುದ್ಧವಾಗಿದೆ. ಅನುಮಾನವೇ ಬೇಡ.”

“ಹಾಗಾದರೆ ಇಳಿಯಬಹುದೇ ಸಾರ್?”

“ಇಳಿಯಬಾರದು.”

“ಕೈ ಅದ್ದಬಹುದೇ?”

“ಅದ್ದಬಾರದು. ಬೋರ್ಡು ಓದಲಿಲ್ಲವೇ? ಕುಡಿಯಬಾರದು, ಈಜಬಾರದು, ಮೋಟಾರಿಟ್ಟು ಎತ್ತಬಾರದು.”

“ಮತ್ತೆ ನೀರು ಯಾತಕ್ಕೆ ಸಾರ್?”

“ಅಂತರ್ಜಲಕ್ಕೆ,” ಎಂದರು, ಶಾಲೆಯ ಹುಡುಗನಿಗೆ ಹೇಳುವಂತೆ. “ಇಂಗುತ್ತದೆ. ಕೆಳಗಿಳಿಯುತ್ತದೆ. ನಿಮ್ಮ ಬೋರ್‌ವೆಲ್‌ನಲ್ಲಿ ಬರುತ್ತದೆ. ಆಗ ಧಾರಾಳವಾಗಿ ಬಳಸಿ.”

ಆ ಕ್ಷಣ ನನಗೆ ಸರ್ಕಾರದ ಬಗ್ಗೆ ಇದ್ದ ತಕರಾರೆಲ್ಲ ಕರಗಿಹೋಯಿತು. ಮೇಲೆ ಮುಟ್ಟಿದರೆ ಮೈಲಿಗೆ, ಸಾವಿರ ಅಡಿ ಕೆಳಗಿಳಿದು ಕೊಳವೆಯಲ್ಲಿ ಮೇಲೆ ಬಂದರೆ ತೀರ್ಥ. ಮೂರನೇ ಹಂತದ ಘಟಕಕ್ಕೆ ಕೋಟಿಗಟ್ಟಲೆ ಸುರಿಯುವುದೇಕೆ? ಕೋಲಾರದ ಕಲ್ಲು ಪುಕ್ಕಟೆಯಾಗಿ ಆ ಕೆಲಸ ಮಾಡುತ್ತಿದೆ, ಸಂಬಳ ಕೇಳುವುದಿಲ್ಲ, ವರದಿಯನ್ನೂ ಕೊಡುವುದಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ, ಬೋರ್ಡಿಗೆ ಬೆನ್ನು ಮಾಡಿ, ತೂಬಿನ ಪಕ್ಕದಲ್ಲಿ ಇಳಿದೆ. ಜೊತೆಗೆ ಬಂದಿದ್ದ ಸೂಚನೆಯ ಪುಸ್ತಿಕೆಯಲ್ಲಿ ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಅತಿಯಾಗಿ ತುಂಬಬೇಡಿ ಎಂದಿತ್ತು. ಹವಳದ ದಿಬ್ಬವಿರುವಲ್ಲಿ ಎಚ್ಚರ ಎಂದೂ ಇತ್ತು. ಲೈಫ್ ಜಾಕೆಟ್ ಬಿಗಿದು ಹುಟ್ಟು ಹಾಕಿದೆ. ದೋಣಿ ಮುಂದೆ ಹೋಗುವ ಬದಲು ತಿರುಗಿತು. ಬಲಕ್ಕೆ ಹಾಕಿದರೆ ಎಡಕ್ಕೆ, ಎಡಕ್ಕೆ ಹಾಕಿದರೆ ಬಲಕ್ಕೆ. ತಳದ ರೆಕ್ಕೆ ಮನೆಯ ಜಗಲಿಯಲ್ಲೇ ಉಳಿದಿದೆ ಎಂದು ನೆನಪಾಗುವ ಹೊತ್ತಿಗೆ ಗಂಗಮ್ಮನಿಗೆ ಮೂರು ಪ್ರದಕ್ಷಿಣೆ ಮುಗಿದಿತ್ತು. ನೊರೆಯೇನೂ ಇರಲಿಲ್ಲ, ಅದನ್ನು ಹೇಳಲೇಬೇಕು. ವಾಸನೆ ಮಾತ್ರ, ಮದುವೆ ಮನೆಯ ಹಿತ್ತಲಿನಲ್ಲಿ ಮೂರನೆಯ ದಿನ ಇರುತ್ತದಲ್ಲ, ಆ ಬಗೆಯದು.

ಅಷ್ಟರಲ್ಲಿ ‘ಪುಸ್’ ಎಂದಿತು.

ಹವಳವಲ್ಲ, ಜಾಲಿ. ನಮ್ಮ ಕೆರೆಗಳು ಒಣಗಿದ್ದ ವರ್ಷಗಳಲ್ಲಿ, ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೆರೆಯಂಗಳದ ತುಂಬ ಜಾಲಿ ನೆಟ್ಟಿದ್ದರು. ನೀರು ಬರುವುದಿಲ್ಲವೆಂದು ಒಬ್ಬರು ಮರ ನೆಟ್ಟರು, ನೀರು ತಂದು ಇನ್ನೊಬ್ಬರು ಮರ ಮುಳುಗಿಸಿದರು. ನಡುವೆ ಕಡಿಯಬೇಕಾದವರು ಯಾರೆಂಬ ಕಡತ ಇನ್ನೂ ತಿರುಗುತ್ತಿರಬೇಕು. ಸತ್ತು ಕಪ್ಪಗಾದ ಕೊಂಬೆಯೊಂದು ನೀರಿನಿಂದ ಗೇಣಿನಷ್ಟು ಕೆಳಗೆ, ಮುಳ್ಳು ಮೇಲಕ್ಕೆ ಮಾಡಿಕೊಂಡು ಕಾದಿತ್ತು. ಎಡಗಡೆಯ ಚೀಲ ನನ್ನ ಕಣ್ಣೆದುರೇ ಹಪ್ಪಳ ನೆನೆದಂತೆ ಮೆತ್ತಗಾಯಿತು.

ಬಲೆ ಎತ್ತುತ್ತಿದ್ದ ಹುಡುಗನೊಬ್ಬ ಲಾರಿ ಟ್ಯೂಬಿನ ಮೇಲೆ ಕುಳಿತು, ಎರಡು ಕೈಯಲ್ಲಿ ಎರಡು ಹಲಗೆ ಚೂರು ಹಿಡಿದು ನೀರು ತಳ್ಳುತ್ತ ಬಂದ. ನೆಟ್ಟಗೆ ಬಂದ, ರೆಕ್ಕೆ ಗಿಕ್ಕೆ ಏನೂ ಇಲ್ಲದೆ.

“ಎಷ್ಟಾಯಿತು ಸಾರ್ ಇದಕ್ಕೆ?”

“ಹದಿನೆಂಟು ಸಾವಿರ.”

ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತನ್ನ ಟ್ಯೂಬನ್ನೊಮ್ಮೆ ತಟ್ಟಿ, “ಇದು ಪಂಚರ್ ಅಂಗಡಿಯವರು ಸುಮ್ಮನೆ ಕೊಟ್ಟರು,” ಎಂದು ಹಗ್ಗ ಎಸೆದ.

ಮನೆಯಲ್ಲಿ ನನ್ನ ಹೆಂಡತಿ ನನ್ನನ್ನೂ ದೋಣಿಯನ್ನೂ ಬಾಗಿಲ ಹೊರಗೇ ನಿಲ್ಲಿಸಿದಳು. ಮೊದಲು ಬರಿ ನೀರು, ಆಮೇಲೆ ಸೋಪಿನ ಪುಡಿ, ಕೊನೆಗೆ ಡೆಟಾಲು. ಸರ್ಕಾರ ಎರಡಕ್ಕೆ ನಿಲ್ಲಿಸಿದ್ದನ್ನು ಅವಳು ಮೂರನೇ ಹಂತಕ್ಕೆ ಒಯ್ದಳು, ಅದೂ ಒಂದೂವರೆ ಬಕೆಟ್ಟಿನಲ್ಲಿ, ಏಕೆಂದರೆ ನಲ್ಲಿಯಲ್ಲಿ ನೀರು ಬಂದು ಒಂಬತ್ತು ದಿನವಾಗಿತ್ತು.

ಚೀಲಕ್ಕೆ ತೇಪೆ ಬಿದ್ದು ದೋಣಿ ಮತ್ತೆ ಉಬ್ಬಿದೆ. ಹಿತ್ತಲಿನ ನೆರಳಿನಲ್ಲಿ ಮಲಗಿದೆ. ಹತ್ತು ದಿನಕ್ಕೊಮ್ಮೆ ಟ್ಯಾಂಕರ್ ಬಂದಾಗ ಸಿಂಟೆಕ್ಸು, ಡ್ರಮ್ಮು, ಕೊಡಗಳೆಲ್ಲ ತುಂಬಿದ ಮೇಲೆ ಉಳಿದದ್ದನ್ನು ಅದರೊಳಗೆ ಬಿಡಿಸಿಕೊಳ್ಳುತ್ತೇವೆ. ಸೊಂಟದುದ್ದ ನೀರು ಹಿಡಿಯದಿದ್ದರೂ ಎರಡು ದಿನದ ಬಟ್ಟೆಗೆ ಸಾಕು. ಅಜ್ಜಿ ಈಗ ಅದನ್ನು ಬಾನಿ ಎನ್ನುತ್ತಾರೆ.

ಮೊನ್ನೆ ಟ್ಯಾಂಕರಿನವನನ್ನು ಕೇಳಿದೆ, ನೀರು ಎಲ್ಲಿಯದಪ್ಪಾ ಎಂದು.

“ಕೆರೆ ಏರಿಯ ಹಿಂದಿನ ಬೋರ್‌ವೆಲ್ಲು ಸಾರ್,” ಎಂದ ಪೈಪು ಸುತ್ತುತ್ತ. “ಒಳ್ಳೆಯ ಸಿಹಿ ನೀರು.”